ಐದೇ ಬೂದಿಬಣ್ಣ

ಅಮರೇಶ ಬಾವಿ ಹತ್ರ ಬಂದಾಗ ರಾತ್ರಿ ಹನ್ನೊಂದೂವರೆ. ಸೆಕೆಂಡ್ ಶಿಫ್ಟ್ ಮುಗಿಸಿ, ಹೆಬ್ಬಗೋಡಿಯಲ್ಲಿ ಬಸ್ಸಿಳಿದು, ಒಳರಸ್ತೆ ಹಿಡಿದು ಒಬ್ಬನೇ ನಡೆದು ಬರ್ತಿದ್ದ.

ಬಾವಿ ಅಂದ್ರೆ ಈಗ ನೀರು ಸೇದೋ ಬಾವಿ ಅಲ್ಲ. ಹಿಂದೆ ಚಿಕ್ಕಬೈರಪ್ಪನವರ ರಾಗಿ ಹೊಲದ್ದು. ಹೊಲ ಹೋಗಿ ಸೈಟಾಯ್ತು, ಸೈಟಲ್ಲಿ ಪಿ.ಜಿ. ಬಿಲ್ಡಿಂಗ್‌ಗಳು ಎದ್ದವು. ಬಾವಿ ಮುಚ್ಚೋಕೆ ಮಾತ್ರ ಆ ಮನೆಯವರಿಗೆ ಮನಸ್ಸು ಬರಲಿಲ್ಲ. ಮೇಲೊಂದು ಕಬ್ಬಿಣದ ಜಾಲರಿ ಹಾಕಿ ಬಿಟ್ಟಿದ್ದಾರೆ. ಹಗಲು ಅದರ ಕಟ್ಟೆ ಮೇಲೆ ಡೆಲಿವರಿಯವರು ಕೂತಿರ್ತಾರೆ. ರಾತ್ರಿ ಯಾರೂ ಇರಲ್ಲ.

ಬೆನ್ನಿನ ಬ್ಯಾಗೊಳಗೆ ಟಕ್ ಅಂತು.

ಕೀಬೋರ್ಡಿನ ಒಂದು ಕೀ ಒತ್ತಿದ ಸದ್ದು. ನಡೆಯೋ ಕುಲುಕಾಟಕ್ಕೆ ಆಗಿರಬೇಕು ಅಂದ್ಕೊಂಡ. ನಿಂತ. ಉಸಿರು ಬಿಗಿಹಿಡಿದು ಕಿವಿಗೊಟ್ಟ... ದೂರದಲ್ಲಿ ಹೊಸೂರು ರೋಡಿನ ಲಾರಿಗಳ ಗುಂಯ್ ಬಿಟ್ಟರೆ ಏನೂ ಇಲ್ಲ. ಆಮೇಲೆ, ಅವನು ಅಲುಗದೆ ನಿಂತಿದ್ದಾಗಲೇ, ಮತ್ತೆ.

ಟಕ್.

ಅವನು ಹಿಂದೆ ತಿರುಗಿ ನೋಡಲಿಲ್ಲ. ಓಡಲೂ ಇಲ್ಲ. ಬ್ಯಾಗನ್ನ ಬೆನ್ನಿಂದ ಇಳಿಸಿ, ಎದೆಗೆ ಅವಚಿಕೊಂಡು ಮನೆ ತನಕ ನಡೆದ. ಯಾಕೋ ಹಂಗೆ ಹಿಡ್ಕೊಂಡೆ ಅಂತ ಆಮೇಲೆ ನಾನು ಕೇಳಿದ್ದಕ್ಕೆ, "ಗೊತ್ತಿಲ್ಲ ಈಶಪ್ಪಣ್ಣ... ಕೈ ಅದಾಗೇ ಹೋತು" ಅಂದ.

ಬ್ಯಾಗಿನಲ್ಲಿದ್ದದ್ದನ್ನ ಅವನಿಗೆ ಕೊಟ್ಟವನು ನಾನೇ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಟ್ಟ ಸರ್ಕ್ಯೂಟ್ ಬೋರ್ಡ್ ರಿಪೇರಿ ಮಾಡೋ ಒಂದು ಸಣ್ಣ ಕಂಪನಿ ನಮ್ಮದು. ನಾನು ಸ್ಟೋರ್ ನೋಡ್ಕೋತೀನಿ. ಅಮರೇಶ ಬೆಸುಗೆ ಟೇಬಲ್ಲಿನವನು. ಸಿಂಧನೂರು ಕಡೆಯ ಹುಡುಗ, ವಯಸ್ಸು ಇಪ್ಪತ್ತೊಂಬತ್ತು, ಮಾತು ಕಡಿಮೆ, ಕೈ ಮಾತ್ರ ಚಿನ್ನ. ಸ್ಟೋರ್ ಖಾಲಿ ಮಾಡುವಾಗ ಅಟ್ಟದ ಮೇಲೊಂದು ಹಳೇ ರಟ್ಟಿನ ಪೆಟ್ಟಿಗೆ ಸಿಕ್ಕಿತು. ಒಳಗೆ ನಲವತ್ತು ವರ್ಷದ ಹಿಂದಿನ ಮನೆ ಕಂಪ್ಯೂಟರ್. ನೋಡೋಕೆ ದಪ್ಪ ಕೀಬೋರ್ಡ್ ಅಷ್ಟೇ, ಕಂಪ್ಯೂಟರ್ ಅದರ ಹೊಟ್ಟೆಯೊಳಗೇ ಇರುತ್ತೆ. ಟಿ.ವಿ.ಗೆ ಸಿಕ್ಕಿಸ್ಬೇಕು. ಪ್ರೋಗ್ರಾಂ ಹಾಕೋಕೆ ಕ್ಯಾಸೆಟ್ ಟೇಪು. ಸ್ಕ್ರಾಪಿಗೆ ಹಾಕಿ ಅಂದಿದ್ರು. ಅಮರೇಶ ಅದನ್ನ ಕೈಯಲ್ಲಿ ಹಿಡಿದು ಸುಮ್ಮನೆ ನಿಂತಿದ್ದ. ನಾನೇ ಅಂದೆ, "ತಗೊಂಡ್ ಹೋಗು ಮಗಾ. ಏನಾದ್ರೂ ಕೆಲಸ ಇಟ್ಕೊ ಕೈಗೆ."

ಅವನ ಕೈಗೆ ಕೆಲಸ ಬೇಕಿತ್ತು. ಅದಾಗಿ ಇಪ್ಪತ್ತು ದಿನ ದಾಟಿತ್ತು ಅಷ್ಟೇ.

ಅವನ ಹೆಂಡತಿ ಮೇಘಾ. ಬೊಮ್ಮನಹಳ್ಳಿಯ ಗಾರ್ಮೆಂಟ್ಸಿಗೆ ಹೋಗ್ತಿದ್ಲು. ಮೊದಲನೇ ಬಸುರಿ. ಏಳೂವರೆ ತಿಂಗಳಿಗೆ ಒಂದು ದಿನ, "ಬೆಳಗಿಂದ ಒದ್ದಿಲ್ರಿ" ಅಂದ್ಲು. ಆಸ್ಪತ್ರೆಗೆ ಹೋದ್ರು. ಹೊಟ್ಟೆ ಮೇಲೆ ಯಂತ್ರ ಇಟ್ಟು ಡಾಕ್ಟರು ತುಂಬಾ ಹೊತ್ತು ಹುಡುಕಿದ್ರು... ಏನೂ ಕೇಳಿಸಲಿಲ್ಲ. ಮಾರನೇ ದಿನ ಹೆರಿಗೆ ಮಾಡಿಸಿದ್ರು. ಹೆಣ್ಣು. ನರ್ಸ್ ಹಸಿರು ಬಟ್ಟೆಯಲ್ಲಿ ಸುತ್ತಿ ತಂದು, "ಒಂದ್ಸಲ ನೋಡ್ತೀರಾಮ್ಮ?" ಅಂತ ಕೇಳಿದ್ಲು. ಮೇಘಾ ಕೈ ಚಾಚಿದ್ದಳಂತೆ. ಅವಳ ತಾಯಿ ಹೊಳೆವ್ವ ಮಧ್ಯೆ ನಿಂತ್ಲು. "ಬ್ಯಾಡವ್ವ. ನೋಡಿದ್ರ ಕಣ್ಣಾಗ ಕುಂದ್ರತೈತಿ. ಮುಂದ ನಿನ್ನ ಬದುಕಾಕ ಬಿಡಂಗಿಲ್ಲ."

ಮಣ್ಣು ಮಾಡೋಕೆ ಅಮರೇಶನ ಜೊತೆ ಹೋದವನು ನಾನು. ಸ್ಕೂಟರ್ ಹಿಂದೆ ಗಂಟು ತೊಡೆ ಮೇಲಿಟ್ಕೊಂಡು ಕೂತಿದ್ದ. ದಾರಿ ಉದ್ದಕ್ಕೂ ಒಂದೇ ಮಾತು. "ಭಾರನಽ ಇಲ್ಲಣ್ಣ."

ಹೊಳೆವ್ವ ಮಗಳ ಎದೆಗೆ ಬಿಗಿಯಾಗಿ ಬಟ್ಟೆ ಕಟ್ಟಿ ಹಾಲು ಬತ್ತಿಸಿದ್ಲು. ಹದಿನೈದು ದಿನ ಇದ್ದು ಊರಿಗೆ ಹೋದ್ಲು. ಅಷ್ಟು ದಿನದಲ್ಲಿ ಮೇಘಾ ಒಂದು ಹನಿ ಕಣ್ಣೀರು ಹಾಕಲಿಲ್ಲ. ಅವಳ ಹತ್ರ ಉಳಿದದ್ದು ಒಂದೇ. ಏಳನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಕೊಟ್ಟ ಒಂದು ಚೀಟಿ. ಅಂಗೈಯಗಲದ ನುಣುಪು ಕಾಗದ, ಕಪ್ಪು-ಬಿಳಿ ಚಿತ್ರ. ಪಕ್ಕಕ್ಕೆ ತಿರುಗಿದ ಮುಖ, ಬಾಯಿ ಹತ್ರ ಒಂದು ಕೈ. ಅಷ್ಟೇ. ಅದನ್ನ ಮುಟ್ಟಿ ಮುಟ್ಟಿ ಬೆರಳಾಡಿದ ಕಡೆ ಚಿತ್ರ ಮಾಸ್ತಾ ಬಂತು. ಇದು ಹೋಗ್ಬಿಡ್ತದೆ ಅಂತ ಅಮರೇಶನಿಗೆ ಭಯ. ಒಂದು ಬೆಳಗ್ಗೆ ಅವಳಿಗೆ ಹೇಳದೆ ಅದನ್ನ ಜೆರಾಕ್ಸ್ ಅಂಗಡಿಗೆ ತಗೊಂಡ್ ಹೋಗಿ ಲ್ಯಾಮಿನೇಷನ್‌ಗೆ ಕೊಟ್ಟ.

ಯಂತ್ರದೊಳಗೆ ಚಿತ್ರವಾಗಿ ಹೋದದ್ದು ಆ ಕಡೆಯಿಂದ ಪೂರ್ತಿ ಕಪ್ಪಾಗಿ ಬಂತು.

"ಥರ್ಮಲ್ ಪೇಪರ್ ಸಾರ್ ಇದು, ಬಿಸಿ ತಾಗಿದ್ರೆ ಕಪ್ಪಾಗುತ್ತೆ. ಮೊದ್ಲೇ ಹೇಳ್ಬೇಕಿತ್ತು" ಅಂದ ಅಂಗಡಿಯವನು. ದಿನಾ ಬೆಸುಗೆ ಕಡ್ಡಿ ಹಿಡಿಯೋ ಅಮರೇಶನಿಗೆ ಅದು ಗೊತ್ತಿರದ ಸಂಗತಿಯೇನಲ್ಲ. ಆ ಹೊತ್ತಿಗೆ ಹೊಳೀಲಿಲ್ಲ. ಮೇಘಾ ಆ ಕಪ್ಪು ಹಾಳೆ ಇಸ್ಕೊಂಡ್ಲು. ಬೆಳಕಿಗೆ ಹಿಡಿದು, ಓರೆ ಮಾಡಿ ನೋಡಿದ್ಲು. ಏನೂ ಅನ್ನಲಿಲ್ಲ. ದಿಂಬಿನ ಕೆಳಗೆ ಇಟ್ಕೊಂಡ್ಲು. ಬೈದಿದ್ರೆ ಬದುಕ್ಕೊಳ್ತಿದ್ದೆ ಅಂತಿದ್ದ ಅಮರೇಶ.

ಅವಳಿಗೆ ಗೊತ್ತಿಲ್ಲದ್ದು ಒಂದಿತ್ತು. ಸ್ಕ್ಯಾನಿಂಗ್ ದಿನ, ಊರಲ್ಲಿರೋ ಅಣ್ಣನಿಗೆ ಕಳಿಸೋಕೆ ಅಂತ, ಅಮರೇಶ ಆ ಚೀಟಿಯ ಫೋಟೋ ಫೋನಿನಲ್ಲಿ ತೆಗೆದಿದ್ದ. ತೋರಿಸಬೇಡ ಅಂತ ಹೊಳೆವ್ವ ಆಣೆ ಹಾಕಿಸಿದ್ದಳು. ಅವನೂ ಅದನ್ನ ತೆರೆದು ನೋಡಿರಲಿಲ್ಲ.

ಸರಿ. ಆ ರಾತ್ರಿ ತಂದ ಕಂಪ್ಯೂಟರನ್ನ ಎರಡು ವಾರ ಕೂತು ರಿಪೇರಿ ಮಾಡಿದ. ಮನೆ ಮಾಲೀಕಳು ವೆಂಕಟಮ್ಮ ಟೆರೇಸಿನ ರೂಮಲ್ಲಿ ಬಿದ್ದಿದ್ದ ಡಬ್ಬಾ ಟಿ.ವಿ. ಕೊಟ್ಲು. ಹಾಕಿದ ಕೂಡ್ಲೇ ಕಿವಿಗೆ ಸಣ್ಣಗೆ ಸೂಜಿ ಚುಚ್ಚೋ ಹಾಗೆ ಈಂಯ್ ಅನ್ನೋ ಟಿ.ವಿ. ಅದು. ಇಂಟರ್‌ನೆಟ್ಟಲ್ಲಿ ಈ ಹಳೇ ಮೆಷಿನ್ ಪ್ರೀತಿಸೋರ ಗುಂಪೊಂದಿದೆಯಂತೆ. ಅವರು ಹೇಳಿದ್ರು, ಇದರಲ್ಲಿ ಬಣ್ಣ ಇರೋದೇ ಹದಿನಾರು, ಕಲರ್ ಫೋಟೋ ಹಾಕಿದ್ರೆ ಹೊಲಸಾಗಿ ಕಾಣುತ್ತೆ. ಕಪ್ಪು-ಬಿಳಿ ಫೋಟೋ ಹಾಕು. ಹದಿನಾರರಲ್ಲಿ ಐದು ಬೂದಿಬಣ್ಣ ಸಿಗ್ತವೆ. ಕಪ್ಪು, ಕಡುಬೂದಿ, ಬೂದಿ, ತಿಳಿಬೂದಿ, ಬಿಳಿ. ಆ ಐದರಲ್ಲೇ ಮುಖ ಬರುತ್ತೆ.

ಅಮರೇಶ ತನ್ನ ಫೋನ್ ಹುಡುಕಿದ. ಅದರಲ್ಲಿ ಬಣ್ಣವಿಲ್ಲದ ಚಿತ್ರ ಇದ್ದದ್ದು ಒಂದೇ.

ಊಟದ ಬಿಡುವಿನಲ್ಲಿ ಆಫೀಸಿನ ಕಂಪ್ಯೂಟರಿನಲ್ಲಿ ಕೂತು ಆ ಚಿತ್ರವನ್ನ ಐದು ಬೂದಿಗೆ ಇಳಿಸಿದ. ಅದನ್ನ ಸದ್ದಾಗಿ ಮಾಡಿ ಫೋನಿಗೆ ಹಾಕ್ಕೊಂಡ. ಹೌದು, ಸದ್ದು. ಆ ಮೆಷಿನ್ನಿಗೆ ಎಲ್ಲವೂ ಕ್ಯಾಸೆಟ್ಟಿನ ಸದ್ದಾಗೇ ಹೋಗಬೇಕು. ಮೊದಲು ಕೀ... ಅಂತ ಉದ್ದ ಎಳೆ. ಆಮೇಲೆ ಖರ್ರ್, ಖರ್ರ್, ಹೆಂಚಿನ ಮೇಲೆ ಮರಳು ಉಜ್ಜಿದ ಹಾಗೆ. ಅದು ಮುಗಿದ ಮೇಲೆ ಟಿ.ವಿ.ಯಲ್ಲಿ ಒಂದೊಂದೇ ಗೆರೆ ಮೇಲಿಂದ ಕೆಳಗೆ ಬರೀತಾ ಬರುತ್ತೆ. ಇನ್ನೂರು ಗೆರೆ. ಇಪ್ಪತ್ತು ನಿಮಿಷ.

ಭಾನುವಾರ ರಾತ್ರಿ, ಮೇಘಾ ಮಲಗಿದ ಮೇಲೆ, ಟೇಪಿನ ಬದಲು ಫೋನನ್ನೇ ಮೆಷಿನ್ನಿಗೆ ಸಿಕ್ಕಿಸಿ, ಟಿ.ವಿ. ವಾಲ್ಯೂಮ್ ಇಳಿಸಿ ಶುರು ಮಾಡಿದ. ಅವನು ಟಿ.ವಿ. ಎದುರೇ ಕೂತಿದ್ದ. ಅಷ್ಟು ಹತ್ತಿರದಿಂದ ಅವನಿಗೆ ಕಂಡದ್ದು ಬರೀ ಚುಕ್ಕೆ. ಸರಿಯಾಗಲಿಲ್ಲ, ಕೆಟ್ಟಿತು ಅಂದ್ಕೊಂಡು ಆರಿಸೋಕೆ ಕೈ ಚಾಚಿದ.

ಹಿಂದಿನಿಂದ ಪಿಸುಮಾತು. "ಅದು... ನಮ್ಮದಲ್ಲೇನ್ರಿ?"

ಬಾಗಿಲ ಹತ್ರ ಮೇಘಾ ನಿಂತಿದ್ಲು. ಅವಳು ಮುಂದೆ ಬಂದ್ಲು. ಟಿ.ವಿ. ಹತ್ರ ಮೊಣಕಾಲೂರಿ ಕೂತ್ಲು. ಅವಳ ಮುಖ ಬಿದ್ದುಹೋಯ್ತು.

"ಎಲ್ಲಿ ಹೋತ್ರಿ?"

"ಹತ್ರ ಬಂದ್ರ ಬರೇ ಚುಕ್ಕಿ ಕಾಣ್ತಾವ. ಹಿಂದ ಸರಿ."

ಇಬ್ಬರೂ ಹಿಂದೆ ಸರಿದು ಬಾಗಿಲ ಹೊಸ್ತಿಲ ತನಕ ಹೋದ್ರು. ಅಲ್ಲಿಂದ ಕಂಡಿತು. ಪಕ್ಕಕ್ಕೆ ತಿರುಗಿದ ಹಣೆ, ಮೂಗು, ಬಾಯಿ ಹತ್ರ ಕೈ. ಆಫೀಸಿನಲ್ಲಿ ಬರೀ ಅಂಕಿಯಾಗಿ ಕಂಡದ್ದನ್ನ ಅಮರೇಶನೂ ಮುಖವಾಗಿ ನೋಡಿದ್ದು ಅವತ್ತೇ.

"ಐದನಽ ಬಣ್ಣದಾಗ ಹೆಂಗ ಬಂತ್ರಿ ಇಷ್ಟು?"

"ಒಂದು ಚುಕ್ಕಿಗೆ ಬೇಕಾದ ಬೂದಿ ಇಲ್ಲ ಅಂದ್ರ ಅದರ ಸಮೀಪದ್ದು ಕೊಡ್ತೀವಿ. ಕಮ್ಮಿ ಬಿದ್ದದ್ದನ್ನ ಪಕ್ಕದ ಚುಕ್ಕಿಗೆ ಹೊರಸ್ತೀವಿ."

"ಪಕ್ಕದ್ದು ಹೊರತೈತಾ?"

"ಅದಕ್ಕೂ ಆಗದ್ದನ್ನ ಅದರ ಮುಂದಿನದಕ್ಕ."

"ಕಡೀ ಚುಕ್ಕಿ?"

"ಕಡೀದ್ದು... ಅಲ್ಲಿಗೆ ಬಿಟ್ಟುಬಿಡ್ತೀವಿ."

ಅವಳು ಸೆರಗು ಬಾಯಿಗೆ ಒತ್ತಿಕೊಂಡು ಹೊಸ್ತಿಲ ಮೇಲೇ ಕೂತ್ಲು, ಒಂದು ಗಂಟೆ ತನಕ.

ಮಾರನೇ ದಿನದಿಂದ ಅದು ದಿನಚರಿ ಆಯ್ತು. ಅವನು ಶಿಫ್ಟ್ ಮುಗಿಸಿ ಬರೋದು, ಅವಳು ಕಾದಿರೋದು, ಚಿತ್ರ ಹಾಕೋದು, ಇಬ್ಬರೂ ಹೊಸ್ತಿಲ ಹತ್ರ ಕೂತು ನೋಡೋದು. ಮೇಘಾ ಊಟ ಮಾಡೋಕೆ ಶುರು ಮಾಡಿದ್ಲು. ತಲೆ ಬಾಚ್ಕೊಂಡ್ಲು. ಅಮರೇಶ ನನ್ನ ಹತ್ರ ಬಂದು, "ನಿಮ್ಮ ಡಬ್ಬಿ ನನ್ನ ಮನಿ ಉಳಿಸ್ತಣ್ಣ" ಅಂದ. ನನಗೂ ಖುಷಿಯಾಯ್ತು.

ನಾಲ್ಕನೇ ದಿನ ಟೀ ಹೊತ್ತಿಗೆ ಮತ್ತೆ ಬಂದ. ಮುಖ ಬೇರೆ ಥರ ಇತ್ತು.

"ಅಣ್ಣ... ಕೈ ಇಳಿದೈತಿ."

"ಯಾರ ಕೈಯೋ?"

"ಕೂಸಿಂದು. ಮೊದಲ ಬಾಯಿ ಹತ್ರ ಇತ್ತು. ನಿನ್ನೆ ಎದಿ ಮ್ಯಾಲೈತಿ."

ಟಿ.ವಿ. ಹಳೇದು, ಎಲ್ಲೋ ಗೆರೆ ಜಾರಿರಬೇಕು ಅಂದೆ. ಅವನು ಜೇಬಿನಿಂದ ಕಾಗದ ತೆಗೆದ. ಚಿತ್ರದ ಒಂದೊಂದು ಚುಕ್ಕೆಗೂ ಒಂದು ಅಂಕಿ, ಸೊನ್ನೆಯಿಂದ ನಾಲ್ಕರ ತನಕ. ತಾನು ಹಾಕಿದ್ದು ಇದು ಅಂತ ತೋರಿಸಿದ. ತೊಂಬತ್ತಾರನೇ ಗೆರೆಯನ್ನ ಟಿ.ವಿ. ಮೇಲೆ ಕೈಯಿಟ್ಟು ಎಣಿಸಿದ್ದಾನೆ. ಒಂದೂ ಹೊಂದಲ್ಲ. ಫೋನಲ್ಲಿರೋ ಸದ್ದನ್ನ ವಾಪಸ್ ಅಂಕಿ ಮಾಡಿ ನೋಡಿದ್ದಾನೆ. ಅದು ಸರಿಯಾಗಿದೆ. ಹೋಗೋದು ಸರಿ, ಬರೋದು ಬೇರೆ.

ಆ ಮೇಲೆ ದಿನಾ ಬದಲಾಯ್ತು. ಒಂದು ರಾತ್ರಿ ಕೆನ್ನೆ. ಹೊಟ್ಟೆಯೊಳಗಿನ ಏಳು ತಿಂಗಳ ಕೂಸಿಗೆ ಕೆನ್ನೆ ಅಂತ ಇರಲ್ಲ, ಎಲುಬಿನ ನೆರಳು ಅಷ್ಟೇ ಇತ್ತು. ಅಲ್ಲಿ ತಿಳಿಬೂದಿ ತುಂಬಿಕೊಂಡಿತು. "ಕೆನ್ನಿ ಬಂದಾವ" ಅಂತ ಮೇಘಾ ಮೆಲ್ಲಗೆ ಅಂದ್ಲು, ಬೆರಗೇ ಇಲ್ಲದೆ. ಇನ್ನೊಂದು ರಾತ್ರಿ ತಲೆ ಮೇಲೆ ಕಡುಬೂದಿ ಗೆರೆಗಳು. ಕೂದಲು. ಆಮೇಲೆ ಪಕ್ಕಕ್ಕಿದ್ದ ಮುಖ ದಿನಕ್ಕೊಂದಿಷ್ಟು ಈ ಕಡೆಗೆ ತಿರುಗೋಕೆ ಶುರುವಾಯ್ತು.

ಆ ಹೊತ್ತಿಗೇ ಸದ್ದೂ ಬಂತು. ಟೇಪಿನ ಖರ್ರ್ ಖರ್ರ್ ನಡುವೆ... ಧುಪ್‌ಧುಪ್, ಧುಪ್‌ಧುಪ್, ಧುಪ್‌ಧುಪ್. ಒದ್ದೆ ನೆಲದ ಮೇಲೆ ಕುದುರೆ ಓಡಿದ ಹಾಗೆ. ಸ್ಕ್ಯಾನಿಂಗ್ ರೂಮಲ್ಲಿ ಡಾಕ್ಟರು ಒಂದ್ಸಲ ಕೇಳಿಸಿದ್ದರು, ಕೇಳಿದವರು ಮರೆಯೋ ಸದ್ದಲ್ಲ ಅದು. ಅಮರೇಶ ಫೋನಿನ ಸದ್ದು ನಿಲ್ಲಿಸಿದ. ಖರ್ರ್ ನಿಂತಿತು. ಅದು ನಿಲ್ಲಲಿಲ್ಲ.

ಬೆಳಗ್ಗೆ ನೀರು ಹಿಡಿಯುವಾಗ ಕೆಳಗಿನ ಮನೆಯ ವೆಂಕಟಮ್ಮ ಕೇಳಿದ್ಲು. "ಏನಪ್ಪಾ ಅಮರೇಸ, ರಾತ್ರಿ ಒತ್ತು ಮ್ಯಾಲೆ ಕುದ್ರೆ ಓಡ್ದಂಗೆ ಸದ್ದು ಬತ್ತದಲ್ಲ?"

"ಮಿಕ್ಸಿ ರಿಪೇರಿ ಮಾಡ್ತಿದ್ದೆ ಅಮ್ಮಾ" ಅಂದ.

ಅವತ್ತು ಅವನು ಹೆದರಿದ. ತನಗಾಗಿ ಅಲ್ಲ. ಮೇಘಾ ಹಗಲು ಹೊತ್ತಲ್ಲೂ ಆರಿದ ಟಿ.ವಿ. ಕಡೆ ನೋಡ್ತಾ ಕೂರ್ತಿದ್ಲು. ತುಟಿ ಅಲ್ಲಾಡ್ತಿತ್ತು. ಯಾರ ಜೊತೆಯೋ ಮಾತಾಡೋ ಹಾಗೆ ನಡುನಡುವೆ ತಡೆದು, ಕೇಳಿಸಿಕೊಂಡು, ಮತ್ತೆ. ಇವಳನ್ನೂ ಕಳ್ಕೋತೀನಿ ಅನ್ನಿಸ್ತು ಅವನಿಗೆ. ಟಿ.ವಿ.ಯ ವೈರನ್ನ ಬ್ಯಾಗಿಗೆ ಹಾಕ್ಕೊಂಡು ಡ್ಯೂಟಿಗೆ ಬಂದ. ನನ್ನ ಸ್ಟೋರಲ್ಲಿ ಇಟ್ಟು, "ಕೇಳಿದ್ರೂ ಕೊಡಬ್ಯಾಡಣ್ಣ" ಅಂದ.

ರಾತ್ರಿ ಹೋದಾಗ ಮೇಘಾ ಕತ್ತಲಲ್ಲಿ ಟಿ.ವಿ. ಮುಂದೆ ಕೂತಿದ್ಲು. ಜಗಳ ಮಾಡಲಿಲ್ಲ. ತಾಯಿ ಕಾರ್ಡ್ ತೆಗೆದು ಅವನ ಮುಂದಿಟ್ಲು. ಬಸುರಿಯರಿಗೆ ಕೊಡ್ತಾರಲ್ಲ, ಆ ಕಾರ್ಡು. ಹೆರಿಗೆ ದಿನ ಅಂತ ಅಂದಾಜು ತಾರೀಖು ಬರೆದಿರ್ತಾರೆ.

"ದಿನ ತುಂಬಾಕ ಇನ್ನ ಒಂಬತ್ತು ಉಳದಾವ್ರಿ. ಅಷ್ಟು ಕೊಡ್ರಿ. ಆಮ್ಯಾಲ ನಾ ಕೇಳಂಗಿಲ್ಲ."

ಅವನು ಕಾರ್ಡನ್ನ ಕೈಗೆ ತಗೊಂಡ.

"ಅವತ್ತು ಮಣ್ಣಿಗೆ ಒಯ್ದಾಗ... ನೀವು ಮುಖ ನೋಡಿದ್ರೇನ್ರಿ?"

"ನೋಡಿದೆ."

"ಯಾರಂಗ ಇತ್ರಿ?"

"ನಿನ್ನಂಗ."

ಮಾರನೇ ದಿನ ಬೆಳಗ್ಗೆ ಬಂದು ವೈರ್ ವಾಪಸ್ ಇಸ್ಕೊಂಡು ಹೋದ. ನಾನು ತಡೀಲಿಲ್ಲ. ತಡೀಬೇಕಿತ್ತೋ ಏನೋ, ಇವತ್ತಿಗೂ ಗೊತ್ತಿಲ್ಲ.

ಒಂಬತ್ತನೇ ದಿನ ಶುಕ್ರವಾರ. ಅಮರೇಶ ರಜೆ ಹಾಕಿದ. ಮೇಘಾ ತಲೆಗೆ ನೀರು ಹಾಕ್ಕೊಂಡು, ಹೆರಳು ಬಿಗಿದು, ಅಡುಗೆ ಮುಗಿಸಿ ಕೂತಿದ್ಲು. ಇಬ್ಬರೂ ಉಣ್ಣಲಿಲ್ಲ. ಹತ್ತು ಗಂಟೆಗೆ ಅವನು ಫೋನಿನ ಸದ್ದು ಹಾಕಿದ. ಕೀ... ಎಳೀತು. ಖರ್ರ್ ಖರ್ರ್ ಮುಗೀತು. ಮೊದಲ ಗೆರೆ ಬಂತು.

ಕೂದಲು ಬಂತು. ಹಣೆ ಬಂತು. ಹುಬ್ಬು. ಮುಚ್ಚಿದ ಎರಡು ಕಣ್ಣು. ಎರಡು. ಅಂದ್ರೆ ಮುಖ ಪೂರ್ತಿ ಈ ಕಡೆ ತಿರುಗಿತ್ತು.

ಮೂಗಿನ ತನಕ ಬಂದಾಗ ಕರೆಂಟ್ ಹೋಯ್ತು.

ಫ್ಯಾನು ಗರ... ಗರ... ಅಂತ ನಿಧಾನ ಆಗಿ ನಿಂತಿತು. ಕೆಳಗೆ ವೆಂಕಟಮ್ಮನ ಮನೆ ಯು.ಪಿ.ಎಸ್. ಪೀಂ ಅಂತು. ಹೊರಗೆ ಬೀದಿಯೆಲ್ಲ ಕತ್ತಲು. ಟಿ.ವಿ.ಯ ಈಂಯ್ ಅನ್ನೋ ಸದ್ದೂ ನಿಂತಿತು. ಆ ಥರ ಹಳೇ ಟಿ.ವಿ. ಆರಿದ್ರೆ ಚಿತ್ರ ಕುಗ್ಗಿ ನಡುವೆ ಒಂದು ಬಿಳಿ ಚುಕ್ಕೆಯಾಗಿ ಆರುತ್ತೆ. ಅಮರೇಶ ಆ ಚುಕ್ಕೆಗೆ ಕಾದ.

ಬರಲಿಲ್ಲ. ಚಿತ್ರ ಹಾಗೇ ಇತ್ತು. ಕತ್ತಲಲ್ಲಿ, ಸದ್ದಿಲ್ಲದೆ, ಮುಂದಿನ ಗೆರೆ ಬಂತು. ಅದರ ಮುಂದಿನದು. ಮೇಲ್ದುಟಿ. ಕೆಳದುಟಿ. ಗದ್ದ. ಕುತ್ತಿಗೆಯ ಎರಡು ಮಡಿಕೆ.

ಮೇಘಾ ಎದ್ಲು. ಹತ್ರ ಹೋದ್ರೆ ಚುಕ್ಕೆಯಾಗಿ ಒಡೆದುಹೋಗುತ್ತೆ, ಅವಳು ಕುಸಿದುಹೋಗ್ತಾಳೆ ಅಂತಷ್ಟೇ ಅವನ ತಲೆಯಲ್ಲಿ. ಅವಳು ಟಿ.ವಿ. ಮುಂದೆ ಕೂತ್ಲು. ಮುಖ ಗಾಜಿಗೆ ತಂದ್ಲು. ಕೂದಲು ಗಾಜಿಗೆ ತಾಗಿ ಚಟಚಟ ಅಂತು.

"ಹತ್ರ ಬಂದ್ರೂ ಒಡಿಯಂಗಿಲ್ರಿ" ಅಂದ್ಲು. "ಬರ್ರಿ. ನೀವೂ ಬರ್ರಿ."

ಅವನು ಹೋದ. ಪಕ್ಕದಲ್ಲಿ ಕೂತ. ನೋಡಿದ.

ಆ ಮೆಷಿನ್ನಿನಲ್ಲಿ ಇರೋದು ಐದೇ ಬೂದಿಬಣ್ಣ. ಇದು ಅಮರೇಶ ನನಗೆ ನೂರು ಸಲ ಹೇಳಿದ ಮಾತು. ಆರನೆಯದು ಇಲ್ಲ, ಇರೋಕೆ ಆಗಲ್ಲ. ಅವತ್ತು ಅವನು ಕಂಡದ್ದರಲ್ಲಿ ಚುಕ್ಕೆ ಅನ್ನೋದೇ ಇರಲಿಲ್ಲ. ರೆಪ್ಪೆಯ ಕೆಳಗೆ ಒಂದು ಬೂದಿ, ಮೂಗಿನ ಹೊಳ್ಳೆಗೆ ಒಂದು, ಕಿವಿಯ ಸುಳಿಯೊಳಗೆ ಹೋಗ್ತಾ ಹೋಗ್ತಾ ಸಾಲು ಸಾಲು... ಎಣಿಸೋಕೆ ಆಗದಷ್ಟು. ಹಣೆ ಮೇಲೆ, ಮಣ್ಣಿನ ನೆಲದ ಮೇಲೆ ಬಿದ್ದ ಬೆಳಗಿನ ಬೆಳಕಿನ ಹಾಗೆ, ಏನೋ ಒಂದು ತಿಳಿಬಣ್ಣ. ಈಗ ತಾನೇ ಹುಟ್ಟಿದ ಮಗುವಿನ ಮುಖ.

"ನಿಮ್ಮ ಮೂಗು" ಅಂದ್ಲು ಮೇಘಾ. "ನನ್ನಂಗ ಅಂದಿದ್ರಿ."

"ನಾ ನೋಡಿರಲಿಲ್ಲ ಮೇಘಾ. ಅರಿವಿ ಬಿಚ್ಚಾಕ ಕೈ ಬರ್ಲಿಲ್ಲ. ಹಂಗಽ ಇಟ್ಟು ಮಣ್ಣು ಹಾಕಿದೆ."

"ಗೊತ್ತಿತ್ರಿ."

ಅವಳು ಅವನ ಕೈ ಹಿಡಿದು ಗಾಜಿನ ಮೇಲಿಟ್ಲು. ಕೆನ್ನೆ ಇದ್ದ ಕಡೆ. ಬೆಚ್ಚಗಿತ್ತು. ಓಡಿ ಬಿಸಿಯಾದ ಟಿ.ವಿ.ಯ ಬೆಚ್ಚಗಲ್ಲ ಅಂತಾನೆ ಅವನು. ಅದು ಅವನ ಮಾತು, ನಾನು ಮುಟ್ಟಿಲ್ಲ.

ಕಣ್ಣು ತೆರೀಲಿಲ್ಲ. ತುಟಿ ಮಾತ್ರ ಒಂದು ಸಲ ಆಡಿತು. ನಿದ್ದೆಯಲ್ಲಿರೋ ಕೂಸು ಮೊಲೆ ಚೀಪಿದ ಹಾಗೆ, ಒಂದೇ ಸಲ. ಮೇಘಾ ಕೆಳಗೆ ನೋಡ್ಕೊಂಡ್ಲು. ರವಿಕೆ ಎರಡೂ ಕಡೆ ಒದ್ದೆಯಾಗಿತ್ತು. ಒಂದೂವರೆ ತಿಂಗಳ ಹಿಂದೆ ಬಟ್ಟೆ ಕಟ್ಟಿ ಬತ್ತಿಸಿದ್ದ ಹಾಲು.

ಅವಳು ಎದೆಯನ್ನ ಗಾಜಿಗೆ ಒತ್ತಿ ಹಿಡಿದ್ಲು. ಅಮರೇಶ ಈ ಮಾತು ಹೇಳುವಾಗ ತಲೆ ತಗ್ಗಿಸಿದ್ದ. ನಾನೂ ಅವನ ಕಡೆ ನೋಡಲಿಲ್ಲ.

ಆಗ ಆ ಸದ್ದು. ಧುಪ್‌ಧುಪ್, ಧುಪ್‌ಧುಪ್... ಟಿ.ವಿ.ಯೊಳಗಿಂದ ಅಲ್ಲ. ಅವರಿಬ್ಬರ ನಡುವಿನಿಂದ. ನಡುವೆ ಸ್ವಲ್ಪ ಹೊತ್ತು ಇದ್ದು, ಬೆನ್ನ ಹಿಂದೆ ಹೋಯ್ತು. ಹೊಸ್ತಿಲ ಹತ್ರ. ಮೆಟ್ಟಿಲ ಮೇಲೆ. ನಿಲ್ಲಲಿಲ್ಲ ಅದು, ನಿಧಾನವೂ ಆಗಲಿಲ್ಲ. ದೂರ ಹೋಯ್ತು. ಬೀದಿ ದಾಟಿ, ಕೇಳ್ತಿದೆಯೋ ಇಲ್ಲವೋ ಅನ್ನೋ ತನಕ... ಆಮೇಲೆ ಲಾರಿಗಳ ಗುಂಯ್ ಮಾತ್ರ ಉಳೀತು.

ಟಿ.ವಿ. ನಡುವೆ ಬಿಳಿ ಚುಕ್ಕೆ ಬಂತು. ಆರಿತು.

"ಹೋದ್ಲು" ಅಂದ್ಲು ಮೇಘಾ. ಆಮೇಲೆ ಅತ್ಲು. ಅಷ್ಟು ದಿನದಲ್ಲಿ ಅದೇ ಮೊದಲು. ಬಾಯಿಗೆ ಸೆರಗು ಇಡದೆ, ನೆಲಕ್ಕೆ ಅಂಗೈ ಬಡಿದು ಅತ್ಲು. ವೆಂಕಟಮ್ಮ ಮೆ‌ಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತ್ಲು. ಏನಾಯ್ತು ಅಂತ ಕೇಳಲಿಲ್ಲ. ಅವಳಿಗೂ ಹಿಂಗೆ ಹೋದದ್ದು ಒಂದಿತ್ತಂತೆ, ಮದುವೆಯಾದ ಹೊಸದರಲ್ಲಿ. ಒಳಗೆ ಬಂದು ಕೂತು ಮೇಘಾಳ ತಲೆ ತೊಡೆ ಮೇಲೆ ಎಳ್ಕೊಂಡು, "ಅಳವ್ವ, ಅತ್ಬುಡು" ಅಂದ್ಲಂತೆ. ಬೆಳಗಾಗೋ ತನಕ ಮೂವರೂ ಹಾಗೇ ಇದ್ರು.

ಕರೆಂಟ್ ಬಂದಾಗ ಮೆಷಿನ್ ಖಾಲಿಯಾಗಿತ್ತು. ನೀಲಿ ಪರದೆ ಮೇಲೆ ಒಂದು ಚೌಕ ಹತ್ತಿ ಆರ್ತಿತ್ತು. ಅಮರೇಶ ಪ್ಲಗ್ ಎಳೆದ. ಆಮೇಲೆ ಅದನ್ನ ನನಗೇ ತಂದುಕೊಟ್ಟ. ಒಂದ್ಸಲ ನಾನೇ ಆ ಸದ್ದು ಹಾಕಿ ನೋಡಿದೆ, ಸುಳ್ಳು ಯಾಕೆ ಹೇಳಲಿ. ಪಕ್ಕಕ್ಕೆ ತಿರುಗಿದ ಮುಖ, ಬಾಯಿ ಹತ್ರ ಕೈ. ಕಾಗದದಲ್ಲಿ ಬರೆದ ಅಂಕಿಗಳೇ, ಒಂದೂ ತಪ್ಪಿಲ್ಲದೆ.

ಶನಿವಾರ ಮಧ್ಯಾಹ್ನದ ಬಸ್ಸಿಗೆ ಗಂಡ ಹೆಂಡತಿ ಊರಿಗೆ ಹೋದ್ರು, ಹೊಳೆವ್ವನ ಹತ್ರ ಒಂದು ವಾರ ಇದ್ದು ಬರೋಕೆ. ಮನೆಗೆ ಬೀಗ ಹಾಕಿದ್ರು. ವಾಪಸ್ ಬಂದಾಗ ಬಾಗಿಲ ಪಕ್ಕದ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಏನೋ ಬರೆದಿತ್ತು. ಆ ವಾರ ಪೋಲಿಯೋ ಹನಿ ಹಾಕೋರು ಮನೆ ಮನೆಗೆ ಬಂದಿದ್ರು. ಹಾಕಿದ ಮನೆಗೆ ಗುರುತು ಮಾಡಿ, ತಾರೀಖು ಬರೆದು, ಎಷ್ಟು ಮಕ್ಕಳು ಅಂತ ಅಂಕಿ ಹಾಕಿ ಹೋಗ್ತಾರೆ. ಸೋಮವಾರದ ತಾರೀಖು. ಅಂಕಿ ಒಂದು.

ಮೇಘಾ ಅದನ್ನ ನೋಡಿದ್ಲು. ಯಾರನ್ನೂ ಏನೂ ಕೇಳಲಿಲ್ಲ. ಇವತ್ತಿಗೂ ಗೋಡೆ ಒರೆಸುವಾಗ ಅಷ್ಟು ಜಾಗ ಬಿಟ್ಟು ಒರೆಸ್ತಾಳೆ.

ನಾನು ಕೇಳಿದೆ. ಆ ಬೀದಿಗೆ ಹೋಗಿದ್ದ ಅಂಗನವಾಡಿ ಟೀಚರ್ ಮಾಲಾ ನಮಗೆ ಗೊತ್ತಿರೋರೇ. ತಪ್ಪಾಗಿ ಬರೆದಿರ್ತೀರಿ ಮೇಡಂ, ಅಲ್ಲಿ ಮಕ್ಕಳಿಲ್ಲ ಅಂದೆ. ಅವರು ಪುಸ್ತಕ ತೆಗೆದು ತೋರಿಸಿದ್ರು. "ಎಂಬತ್ತು ಮನೆ ಸುತ್ತಿದೀನಿ ಸಾರ್, ಯಾರು ಎತ್ಕೊಂಡು ಬಂದ್ರು ಅನ್ನೋದು ನೆನಪಿಲ್ಲ. ಆದ್ರೆ ಕೇಳದೆ ಬರೆಯಲ್ಲ" ಅಂದ್ರು. ನನ್ನ ಕಣ್ಣಾರೆ ಓದಿದೀನಿ. ಮಹಡಿ ಮನೆ, ಹೆಣ್ಣು ಮಗು, ವಯಸ್ಸು ಮೂರು ದಿನ. ಹೆಸರು ಅನ್ನೋ ಕಡೆ, ಇನ್ನೂ ಇಟ್ಟಿಲ್ಲ.

ನಂಬೋದು ಬಿಡೋದು ನಿಮಗೆ ಸೇರಿದ್ದು. ಆದ್ರೆ ಆ ಸೋಮವಾರ ಆ ಬಾಗಿಲು ತೆಗೆದಿರೋಕೆ ಸಾಧ್ಯವೇ ಇಲ್ಲ. ಅವರು ಊರಿಗೆ ಹೋಗುವಾಗ ಬೀಗದ ಕೈ ನನಗೆ ಕೊಟ್ಟು ಹೋಗಿದ್ರು. ವಾರವೆಲ್ಲ ನನ್ನ ಜೇಬಲ್ಲೇ ಇತ್ತು.